ಕೂತು ಕೇಳುವ ಸುದ್ದಿ

ಜನವರಿ ೯

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಕಳಿಕೆ ನುಂಗುತ್ತಿರುವ ಗಣ್ಯರೇ, ವೇದಿಕೆಯ ಕೆಳಗೆ ಕುರ್ಚಿಗಾಗಿ ಕಿತ್ತಾಡುತ್ತಿರುವ ನಗಣ್ಯರೇ, ಪರದೆಯ ಹಿಂದೆ ನಿಂತು ನಾನು ಮರೆತ ಸಾಲನ್ನು ಪಿಸುಗುಟ್ಟಲೆಂದೇ ಹುಟ್ಟಿದ ನನ್ನ ಏಕೈಕ ಅಕ್ಕನೇ,

ಇಂದಿನ ಭಾಷಣದ ವಿಷಯ: ಪ್ರೆಸ್ಸಿನ ಬಾಗಿಲು ಮುಚ್ಚಿತು, ಪ್ರಾಸಪ್ಪನ ಬೆಲೆ ಹೆಚ್ಚಿತು.

ಅಕ್ಕ, ಕೂತಿದ್ದೀಯಾ? ನಿಂತಿದ್ದರೆ ಕೂತುಕೋ, ಆಮೇಲೆ ಮುಂದಕ್ಕೆ ಓದು. ಒಳ್ಳೆ ಸುದ್ದಿಯನ್ನು ನಿಂತು ಕೇಳಬಾರದು. ಅಪ್ಪನ ಬಡ್ತಿಯ ಸುದ್ದಿ ಕೇಳಿ ಕೈಯಲ್ಲಿದ್ದ ಹಾಲಿನ ಪಾತ್ರೆ ಬೀಳಿಸಿಕೊಂಡ ದಿನ ಅಮ್ಮ ಹೊರಡಿಸಿದ ಕಾನೂನು. ನಮ್ಮ ಮನೆ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಜಾರಿಯಲ್ಲಿಲ್ಲ. ಪಾಸಾದೆ ಅಂತ ನಾನು ಓಡಿ ಬಂದರೆ, "ತಡಿಯೋ, ಮೊದಲು ಕೂತ್ಕೋತೀನಿ" ಅಂತ ಬಕೆಟ್ಟನ್ನು ಬೋರಲು ಹಾಕಿ ಕೂತು, ಕೈ ಒರೆಸಿಕೊಂಡು, "ಹೂಂ, ಈಗ ಹೇಳು" ಅನ್ನುತ್ತಿದ್ದಳಲ್ಲ.

ಹೂಂ, ಈಗ ಹೇಳುತ್ತೇನೆ. ನನಗೆ ಕೆಲಸ ಸಿಕ್ಕಿದೆ, ಸೇರಿ ತಿಂಗಳಾಯಿತು. ಟೈರು ಅಂಗಡಿಯ ಮೇಲಿನ ಮೂರನೇ ಮಹಡಿ. ಮೆಟ್ಟಿಲು ಹತ್ತುವಷ್ಟರಲ್ಲಿ ಬಟ್ಟೆಗೆಲ್ಲ ರಬ್ಬರಿನ ವಾಸನೆ ಹತ್ತಿರುತ್ತದೆ. ಒಳಗೆ ಸಾಲಾಗಿ ಹುಡುಗ ಹುಡುಗಿಯರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರೂರಿಗೆ ಫೋನ್ ಮಾಡುತ್ತಾರೆ. ಸಾಲ ಬೇಕಾದವರಿಗೆ ದಾರಿ ತೋರಿಸುವ ಸಂಸ್ಥೆಯಂತೆ. ಅವರು ಏನು ಮಾತಾಡಬೇಕೋ ಅದನ್ನು ಬರೆದುಕೊಡುವವನು ನಾನು. ಹುದ್ದೆಯ ಹೆಸರು ಕೇಳು: ಭಾಷಾಧಿಕಾರಿ! ಇಷ್ಟು ವರ್ಷ ಬೇರೆಯವರ ಕಾಗುಣಿತ ತಿದ್ದಿ ತಿದ್ದಿ ಬೆನ್ನು ಬಾಗಿಸಿಕೊಂಡವನಿಗೆ, ಕನ್ನಡ ಓದಿ ಏನು ಕಡಿದುಹಾಕುತ್ತೀಯ ಅನ್ನಿಸಿಕೊಂಡವನಿಗೆ, ನಲವತ್ತೈದಕ್ಕೆ ತನ್ನದೇ ವಾಕ್ಯಕ್ಕೆ ಸಂಬಳ. ಒಂದೇ ಒಂದು ಕಿರಿಕಿರಿ: ಬಾಗಿಲಲ್ಲೇ ಕಾವಲಿನವನು ನಮ್ಮ ಫೋನುಗಳನ್ನು ಇಸಿದುಕೊಂಡು ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಾನೆ. ಸಂಜೆ ಹೋಗುವಾಗ ವಾಪಸ್. ಶಿಸ್ತು ಅಂದರೆ ಶಿಸ್ತು.

ನಮಗಿಬ್ಬರಿಗೆ ಅದರಿಂದ ನಷ್ಟವಿಲ್ಲ ಬಿಡು. ಫೋನಿನಲ್ಲಿ 'ಹೇಗಿದ್ದೀಯ' ಮುಗಿಯುವುದರೊಳಗೆ ನಾವು ಜಗಳಕ್ಕೆ ಬೀಳುತ್ತೇವೆ. ಅಮ್ಮ ತೀರಿಕೊಂಡ ವರ್ಷ ಅದಕ್ಕೇ ಅಲ್ಲವೇ ಒಪ್ಪಂದ ಮಾಡಿಕೊಂಡದ್ದು, ಸಾವು ಮತ್ತು ಆಸ್ಪತ್ರೆ ಬಿಟ್ಟು ಬೇರೆಯದಕ್ಕೆ ಫೋನಿಲ್ಲ ಅಂತ? ಕಾಗದದಲ್ಲಿ ನಡುವೆ ಬಾಯಿ ಹಾಕಲು ನಿನಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ.

ಮೊದಲ ಸಂಬಳದಲ್ಲಿ ಒಂದಿಷ್ಟನ್ನು ನಿನ್ನ ಖಾತೆಗೆ ಹಾಕಿದ್ದೇನೆ. ಕನ್ನಡಕಕ್ಕೆ. ಸೂಜಿಗೆ ದಾರ ಪೋಣಿಸಲು ಇನ್ನು ಮೇಲೆ ನಿನ್ನ ಹೊಲಿಗೆ ಅಂಗಡಿಯ ಕಾಜಾದವಳನ್ನು ಕೂಗಬೇಡ, ಪಾಪ.

ಇಂತಿ, ಕರತಾಡನ ನಿರೀಕ್ಷಿಸುತ್ತಾ,
ನಿನ್ನ ಪ್ರಾಸಪ್ಪ


ಜನವರಿ ೨೦

ಪ್ರಾಸಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಭಾಷಣ ತಲುಪಿತು. ಕೂತೇ ಓದಿದೆ ಮಾರಾಯ, ಹೊಲಿಗೆಯವಳು ನಿಲ್ಲೋದು ಅಳತೆ ತೆಗೆಯೋವಾಗ ಮಾತ್ರ. ನಿನ್ನ ಭಾವನಿಗೂ ಓದಿ ಹೇಳಿದೆ. ಅವರ ಕಿವಿಗೆ ಹೊಸ ಯಂತ್ರ ಬಂದಿದೆ. ಟಿ.ವಿ. ಹಚ್ಚಿದಾಗ ಹಾಕಿಕೊಳ್ಳುತ್ತಾರೆ, ನಾನು ಬಾಯಿ ತೆರೆದ ತಕ್ಷಣ ತೆಗೆದು ಜೇಬಿಗೆ ಇಡುತ್ತಾರೆ. ನಿನಗೆ ಕೆಲಸ ಸಿಕ್ಕಿದ್ದು ಕೇಳಿ ಮಾತ್ರ ತೆಗೆಯಲಿಲ್ಲ. "ಸಂಬಳ ಸರಿಯಾಗಿ ಕೊಡ್ತಾರಂತಾ?" ಅಂದರು. ಅವರಿಗೆ ಅಷ್ಟೇ ಬೇಕಾದದ್ದು.

ಇಲ್ಲಿ ಸಮಾಚಾರ ಚೆನ್ನಾಗಿಲ್ಲ. ಅಂಗಡಿ ಮಾಲೀಕ ಬಂದಿದ್ದ. ಅವನ ಮಗ ಕೋಣೆಗಳನ್ನೆಲ್ಲ ಮಾರಿಬಿಡೋಣ ಅಂತ ಕೂತಿದ್ದಾನಂತೆ. "ನೀವು ಮೊದಲಿಂದ ಇದ್ದೋರು, ಮೊದಲ ಮಾತು ನಿಮಗೇ ಕೊಡ್ತೀನಿ. ಫೆಬ್ರವರಿ ಮುಗಿಯೋದರೊಳಗೆ ಅರ್ಧ ದುಡ್ಡು ಕೊಡಿ, ಕೋಣೆ ನಿಮ್ಮದು. ಇಲ್ಲಾಂದ್ರೆ ಪಕ್ಕದ ಔಷಧಿ ಅಂಗಡಿಯವರು ಗೋಡೆ ಒಡೆದು ಸೇರಿಸ್ಕೊಳ್ತಾರೆ, ಆಮೇಲೆ ನನ್ನ ಬೈಬೇಡಿ" ಅಂದ. ಆ ಬಾಗಿಲ ಚೌಕಟ್ಟು ನಿನಗೆ ನೆನಪಿದೆಯಾ? ಪ್ರತಿ ವರ್ಷ ಯೂನಿಫಾರ್ಮಿಗೆ ಅಳತೆ ಕೊಡೋಕೆ ಬರೋ ಮಕ್ಕಳನ್ನ ಅದಕ್ಕೆ ಒರಗಿಸಿ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೀತೀನಲ್ಲ. ಈಗ ಅವರ ಮಕ್ಕಳು ಬಂದು ಅಪ್ಪನ ಗೆರೆ ಯಾವುದು ಅಂತ ಕೇಳ್ತಾರೆ. ಗೋಡೆ ಒಡೆದರೆ ಚೌಕಟ್ಟೂ ಹೋಗುತ್ತೆ.

ಬ್ಯಾಂಕಿಗೆ ಹೋಗಿದ್ದೆ. ಆದಾಯಕ್ಕೆ ಪುರಾವೆ ಏನಿದೆ ಅಂದ. ಊರಿನ ಅರ್ಧ ಮಕ್ಕಳ ಮೈಮೇಲಿದೆ, ಹೋಗಿ ನೋಡಿ ಅಂದೆ. ಅವನು ನಗಲಿಲ್ಲ.

ಕಾಜಾದವಳು ನನಗಿಂತ ಹೆಚ್ಚು ಇಳಿದುಹೋಗಿದ್ದಾಳೆ. ಗುಂಡಿಗೆ ಕಾಜಾ ಹೊಲಿಯೋದು ಬಿಟ್ಟು ಅವಳಿಗೆ ಬೇರೆ ಕೆಲಸ ಬರೋದಿಲ್ಲ. ಬೇರೆ ಅಂಗಡಿಗಳಲ್ಲಿ ಅದಕ್ಕೂ ಯಂತ್ರ ಬಂದಿದೆ. "ಅಕ್ಕಾ, ಈ ಕೋಣೆ ಹೋದ್ರೆ ನನ್ನ ಕೈಯೇ ಹೋದ ಹಾಗೆ" ಅಂತಾಳೆ.

ಒಂದು ದಾರಿ ಕಂಡಿದೆ. ಈಗಲೇ ಹೇಳೋಲ್ಲ. ಹೇಳಿದರೆ ನೀನು ಪ್ರಾಸ ಕಟ್ಟಿ ನಗ್ತೀಯ. ಕೈಗೆ ಬಂದ ಮೇಲೆ ಕೂರಿಸಿ ಹೇಳ್ತೀನಿ.

ನಿನ್ನ ಅಕ್ಕ


ಜನವರಿ ೩೧

ಸಭಿಕರೇ, ಸಭ್ಯರೇ, ಸಭಾಂಗಣದ ಬಾಡಿಗೆ ಕೊಟ್ಟ ಲಭ್ಯರೇ,

ಅಕ್ಕನ ರಹಸ್ಯ ಬಯಲಾಗಿದೆ! ನಿನ್ನ 'ದಾರಿ' ಯಾವುದೆಂದು ಗೊತ್ತಾಗದಷ್ಟು ದಡ್ಡನೇ ನಾನು? ಭಾವನ ಅಣ್ಣ. ಆ ಪುಣ್ಯಾತ್ಮನ ಹತ್ತಿರ ಸಾಲ ಕೇಳುವುದೂ ಒಂದೇ, ಮುಳ್ಳುಹಂದಿಯನ್ನು ತಬ್ಬಿಕೊಳ್ಳುವುದೂ ಒಂದೇ. ಕೊಟ್ಟರೂ ಸತ್ತವರ ತಿಥಿಯಲ್ಲೂ ನೆನಪಿಸಿಯಾನು. ಆದರೂ ಕೇಳು, ತಪ್ಪಿಲ್ಲ. ಕೋಣೆ ಉಳಿಯಲಿ, ಕಾಜಾ ಬೆಳೆಯಲಿ, ಔಷಧಿ ಅಂಗಡಿಯವನಿಗೆ ತಲೆನೋವು ಬರಲಿ.

ನಾನು ಇಲ್ಲಿ ಹೀರೋ ಆಗಿಬಿಟ್ಟಿದ್ದೇನೆ. ಮೊದಲು ಇವರು ಫೋನಿನಲ್ಲಿ ಮಾತಾಡುತ್ತಿದ್ದ ಕನ್ನಡ ಕೇಳಬೇಕಿತ್ತು, ಕಲ್ಲು ಅಗಿದ ಹಾಗೆ. "ತಮ್ಮ ಅರ್ಜಿಯು ಪರಿಶೀಲನೆಯಲ್ಲಿರುತ್ತದೆ." ಯಾರು ಕೇಳುತ್ತಾರೆ? ನಾನು ಅದನ್ನೆಲ್ಲ ಹೊಡೆದುಹಾಕಿ ಮನೆಮಾತು ತುಂಬಿದೆ. ಈಚೆಗೆ ನಾನು ಬರೆದದ್ದನ್ನು ಒಬ್ಬ ಹುಡುಗಿ ಓದಿದಳಂತೆ, ಆ ಕಡೆಯ ಹೆಂಗಸು ಫೋನಿನಲ್ಲೇ ಅತ್ತುಬಿಟ್ಟಳಂತೆ, ಖುಷಿಗೆ. ಎಲ್ಲರೂ ಸಾಹೇಬ ಅನ್ನುವ ನಮ್ಮ ಮೇಲಿನವನು ಬಂದು ಬೆನ್ನು ತಟ್ಟಿದ. "ಏನು ಬರೀತೀರ್ರೀ ನೀವು! ಜನ ನಮ್ಮನ್ನ ಮನೆಯವರೇ ಅಂದ್ಕೊಂಡ್ಬಿಡ್ತಾರೆ" ಅಂದ. ಇಷ್ಟು ದಿನದ ಪ್ರೂಫ್ ತಿದ್ದುವ ಬಾಳಿನಲ್ಲಿ ಯಾರೂ ಅತ್ತಿರಲಿಲ್ಲ ಅಕ್ಕ. ಬೈದವರೇ ಎಲ್ಲ.

ಕೆಲಸದ ವಿವರ ಹೆಚ್ಚು ಕೇಳಬೇಡ. ಹೊರಗೆ ಹೇಳಬಾರದು ಅಂತ ಸಹಿ ಹಾಕಿಸಿಕೊಂಡಿದ್ದಾರೆ.

ಕನ್ನಡಕ ಮಾಡಿಸಿದೆಯಾ? ಅದರ ಬಗ್ಗೆ ನೀನು ಒಂದು ಮಾತೂ ಬರೆದಿಲ್ಲ.

ನಿನ್ನ ಪ್ರಾಸಪ್ಪ


ಫೆಬ್ರವರಿ ೧೨

ತಮ್ಮಾ,

ಕೂತ್ಕೋ. ನಿನ್ನ ಮುಳ್ಳುಹಂದಿ ಹತ್ತಿರ ನಾನು ಹೋಗಿಲ್ಲ. ಸಾಲ ಬೇರೆ ಕಡೆ ಮಂಜೂರಾಗಿದೆ! ಇನ್ನೇನು ಕೈಗೆ ಬಂದ ಹಾಗೇ. ತಡೆಯೋಕಾಗದೆ ಹೇಳ್ತಿದ್ದೀನಿ.

ಬ್ಯಾಂಕಿನಿಂದ ಬರಿಗೈಲಿ ಬಂದ ಮರುವಾರ ಒಂದು ಫೋನ್ ಬಂತು. ಸಾಲ ಕೊಡ್ತೀವಿ ಅನ್ನೋ ಫೋನು ದಿನಾ ಬರುತ್ತೆ, ನಾನು ಪಟ್ಟನೆ ಇಟ್ಟುಬಿಡ್ತೀನಿ, ನಾನೇನು ಪೆದ್ದಿಯಲ್ಲ. ಆದರೆ ಈ ಹುಡುಗಿ ಸಾಲದ ಮಾತೇ ಎತ್ತಲಿಲ್ಲ. "ಅಕ್ಕಾ, ನಿಂತಿದ್ದೀರಾ ಕೂತಿದ್ದೀರಾ?" ಅಂದಳು. ಬಟ್ಟೆ ಕತ್ತರಿಸ್ತಾ ನಿಂತಿದ್ದೀನಿ ಅಂದೆ. "ಹಾಗಾದ್ರೆ ಮೊದಲು ಕೂತ್ಕೊಳ್ಳಿ ಅಕ್ಕಾ. ಒಳ್ಳೆ ಸುದ್ದಿ ನಿಂತ್ಕೊಂಡು ಕೇಳಬಾರದು" ಅಂದಳು.

ಕತ್ತರಿ ಕೈಯಿಂದ ಜಾರಿತು ಕಣೋ. ನಮ್ಮ ಮನೆ ಬಿಟ್ಟು ಬೇರೆ ಯಾರ ಬಾಯಲ್ಲೂ ಆ ಮಾತು ನಾನು ಕೇಳಿಲ್ಲ. ನೂಲಿನ ಡಬ್ಬ ಬೋರಲು ಹಾಕಿಕೊಂಡು ಕೂತೆ. ಅಮ್ಮನೇ ಆ ಹುಡುಗಿ ಬಾಯಲ್ಲಿ ಬಂದು ಕೂತ ಹಾಗಾಯ್ತು. ಅತ್ತುಬಿಟ್ಟೆ. "ಅಳಬೇಡಿ ಅಕ್ಕಾ, ನಾನಿದ್ದೀನಲ್ಲ" ಅಂದಳು. ಅವಳಿಗೆ ಒಳ್ಳೆಯದಾಗಲಿ.

ಮೊದಲು ಅರ್ಜಿ ಶುಲ್ಕ ಅಂತ ಕಟ್ಟಬೇಕಾಯ್ತು. ನೀನು ಕನ್ನಡಕಕ್ಕೆ ಕಳಿಸಿದ್ದನ್ನೇ ಕಟ್ಟಿದೆ, ಬೈಬೇಡ. ಆಮೇಲೆ ಸಾಲದ ವಿಮೆ. ಆಮೇಲೆ ಭದ್ರತಾ ಠೇವಣಿ. ಎಲ್ಲಾ ಸಾಲದ ಜೊತೆ ವಾಪಸ್ ಬರುತ್ತಂತೆ. ಇಬ್ಬರು ಸೇರಿ ಅರ್ಜಿ ಹಾಕಿದರೆ ಬಡ್ಡಿ ಕಡಿಮೆ ಅಂದಳು, ಅದಕ್ಕೆ ಕಾಜಾದವಳನ್ನೂ ಸೇರಿಸಿದೆ. ಸೋರೋ ಸೂರು ರಿಪೇರಿಗೆ ಅಂತ ಅವಳು ಕೂಡಿಟ್ಟದ್ದೆಲ್ಲ ತಂದು ನನ್ನ ಮಡಿಲಿಗೆ ಸುರಿದಳು. "ನೀವು ಹೇಳಿದ್ಮೇಲೆ ಮುಗೀತು ಅಕ್ಕಾ" ಅಂದಳು.

ಈಗ ತೆರಿಗೆ ಅಂತ ಒಂದೇ ಒಂದು ಬಾಕಿಯಂತೆ. ಅದಕ್ಕೆ ಬಳೆ ತೆಗೆದಿಟ್ಟಿದ್ದೀನಿ. ನಿನ್ನ ಭಾವನಿಗೆ ಇನ್ನೂ ಹೇಳಿಲ್ಲ. ಆ ಹುಡುಗಿಯೇ ಅಂದಳು, "ಮನೆಯವರಿಗೆ ದುಡ್ಡು ಕೈಗೆ ಬಂದ ದಿನ ಹೇಳಿ ಅಕ್ಕಾ, ಅವರನ್ನೂ ಕೂರಿಸಿ ಹೇಳಿ." ಎಷ್ಟು ಚೆಂದ ಅಲ್ವಾ?

ನಿನ್ನ ಅಕ್ಕ


ಫೆಬ್ರವರಿ ೧೮

ಸನ್ಮಾನ್ಯ ಅಧ್ಯಕ್ಷರೇ, ಮಾನ್ಯ ಮಹನೀಯರೇ ಮತ್ತು ಬಳೆ ತೆಗೆದಿಟ್ಟುಕೊಂಡು ಕೂತ ಮಹಿಳೆಯೇ,

ಇಂದಿನ ಭಾಷಣದ ವಿಷಯ: ಸಾಲಕ್ಕೆ ಮುಂಗಡ ಕೇಳಿದರೆ ಅದು ಸಾಲವಲ್ಲ, ಜಾಲ.

ಅಕ್ಕ, ಕಟ್ಟಬೇಡ. ತೆರಿಗೆಯೂ ಬೇಡ, ಗಿರಿಗೆಯೂ ಬೇಡ. ಬಳೆಯನ್ನು ಕೈಗೆ ಹಾಕಿಕೋ. ಸಾಲ ಕೊಡುವವನು ತನ್ನ ಖರ್ಚನ್ನು ಸಾಲದಲ್ಲೇ ಮುರಿದುಕೊಂಡು ಕೊಡುತ್ತಾನೆ. ನಿನ್ನ ಹತ್ತಿರ ಮೊದಲು ಕೈ ಚಾಚುವುದಿಲ್ಲ. ನೀನು ಕಟ್ಟಿದ್ದೆಲ್ಲ ಯಾರ ಹೆಸರಿಗೆ ಹೋಗಿದೆ ನೋಡು. ಸಂಸ್ಥೆಯ ಹೆಸರಿಗಲ್ಲ, ಯಾವನೋ ಒಬ್ಬನ ಸ್ವಂತ ಖಾತೆಗೆ ಹೋಗಿರುತ್ತದೆ, ಪ್ರತಿ ಸಲ ಬೇರೆ ಬೇರೆ. ಅವರ ಕಚೇರಿ ಎಲ್ಲಿದೆ, ನಾನೇ ಬರುತ್ತೇನೆ ಅಂತ ಕೇಳು. ಬರಬೇಡಿ ಅಕ್ಕಾ, ನಿಮಗ್ಯಾಕೆ ಶ್ರಮ ಅನ್ನುತ್ತಾರೆ. ಅವರು ಕೊಟ್ಟ ನಂಬರಿಗೆ ಫೋನ್ ಮಾಡಿ ವಿಚಾರಿಸಬೇಡ, ಅಲ್ಲಿ ಎತ್ತುವವರೂ ಅವರೇ. ಮನೆಯವರಿಗೆ ಹೇಳಬೇಡಿ ಅಂದದ್ದು ಚೆಂದಕ್ಕಲ್ಲ. ಒಬ್ಬರಿಗೆ ಹೇಳಿದರೆ ಆ ಒಬ್ಬರು ಕಣ್ಣು ತೆರೆಸುತ್ತಾರೆ ಅಂತ. ಈಗಲೇ ಭಾವನ ಕಿವಿಗೆ ಯಂತ್ರ ಹಾಕಿಸಿ ಹೇಳು.

ಬ್ಯಾಂಕಿನಿಂದ ಬರಿಗೈಲಿ ಬಂದವರ ನಂಬರುಗಳನ್ನು ಇವರು ಎಲ್ಲಿಂದಲೋ ಕೊಂಡು ತರುತ್ತಾರೆ. ಅದೃಷ್ಟವಲ್ಲ ಅದು, ಪಟ್ಟಿ.

ಇನ್ನೊಂದು. ಮುಂದಿನ ಸಲ ಆ ಹುಡುಗಿ ಫೋನ್ ಮಾಡುವುದಿಲ್ಲ. ಒಬ್ಬ ಗಂಡಸು ಮಾಡುತ್ತಾನೆ. "ಅಮ್ಮಾ, ಆ ಹುಡುಗಿ ನಿಮಗೋಸ್ಕರ ತನ್ನ ಸಂಬಳದಿಂದ ಅರ್ಧ ಕಟ್ಟಿದಾಳೆ. ಇವತ್ತು ಸಂಜೆಯೊಳಗೆ ಉಳಿದದ್ದು ಬರದಿದ್ರೆ ಅವಳ ಕೆಲಸ ಹೋಗುತ್ತೆ. ನಿಮ್ಮ ಮಗಳ ವಯಸ್ಸಿನೋಳು" ಅನ್ನುತ್ತಾನೆ. ನಂಬಬೇಡ.

ಇದೆಲ್ಲ ನನಗೆ ಹೇಗೆ ಗೊತ್ತು ಅನ್ನುತ್ತೀಯಾ? ಇಲ್ಲಿ ಜಾಗೃತಿ ಶಿಬಿರ ನಡೆಸಿದ್ದರು, ಸಂಸ್ಥೆಯವರೇ. ಕಟ್ಟಬೇಡ, ಕೆಡಬೇಡ.

ತಮ್ಮ


ಮಾರ್ಚ್ ೨

ತಮ್ಮಾ,

ನಿನ್ನ ಕಾಗದ ಬಂದಾಗ ಬಳೆ ಇರಲಿಲ್ಲ. ಹಿಂದಿನ ದಿನವೇ ಅಡ ಇಟ್ಟು ಕಟ್ಟಿ ಬಂದಿದ್ದೆ.

ಗಂಡಸೇ ಫೋನ್ ಮಾಡಿದ. ಅಮ್ಮಾ, ಆ ಹುಡುಗಿ ತನ್ನ ಸಂಬಳದಿಂದ ಅರ್ಧ ಕಟ್ಟಿದಾಳೆ ಅಂದ. ನಿಮ್ಮ ಮಗಳ ವಯಸ್ಸಿನೋಳು ಅಂದ. ನನಗೆ ಮಗಳಿಲ್ಲ ತಾನೇ, ಅದಕ್ಕೇ ಓಡಿದೆ. ಆಮೇಲೆ ನಿನ್ನ ಕಾಗದ ಒಡೆದು ಓದಿದರೆ ಅವನಾಡಿದ ಮಾತೇ ಅದರಲ್ಲಿದೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನಿಮ್ಮ ಶಿಬಿರದಲ್ಲಿ ಅಷ್ಟು ಚೆನ್ನಾಗಿ ಕಲಿಸ್ತಾರಾ?

ಆ ನಂಬರು ಈಗ ಸತ್ತುಹೋಗಿದೆ. ಫೆಬ್ರವರಿಯೂ ಮುಗಿಯಿತು. ಔಷಧಿ ಅಂಗಡಿಯವರು ನಿನ್ನೆ ಗೋಡೆ ಒಡೆದರು. ಚೌಕಟ್ಟನ್ನಾದರೂ ಕೊಡ್ರಪ್ಪ ಅಂತ ಕೇಳಿದೆ. ಕೆಲಸದವನು ಅದನ್ನು ಮುರಿದೇ ಕಿತ್ತಿದ್ದ. ಅಮ್ಮನ ಹೊಲಿಗೆ ಯಂತ್ರ ಒಂದನ್ನು ಮಾತ್ರ ಮನೆಯ ಮುಂದಿನ ಕೋಣೆಗೆ ತಂದು ಹಾಕಿಕೊಂಡಿದ್ದೀನಿ. ಉಳಿದವು ಬಾಡಿಗೆಯ ಬಾಕಿಗೆ ಹೋದವು.

ನಿನ್ನ ಭಾವನಿಗೆ ಹೇಳಿದೆ. ಕಿವಿಯ ಯಂತ್ರ ಹಾಕಿಕೊಂಡೇ ಕೇಳಿದರು, ಕೊನೆಯವರೆಗೂ. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿಂದ ಕಿವಿಯಿಂದ ಅದನ್ನು ತೆಗೆದೇ ಇಲ್ಲ, ರಾತ್ರಿ ಮಲಗುವಾಗಲೂ. ಫೋನ್ ಬಂದರೆ ನನಗಿಂತ ಮೊದಲು ತಾವೇ ಎದ್ದು ಕೂರುತ್ತಾರೆ.

ಕಾಜಾದವಳು ಒಳಗೆ ಬರೋದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಬರೋ ಹೊತ್ತಿಗೆ ಸರಿಯಾಗಿ ಬಂದು, ನಮ್ಮ ಮನೆ ಎದುರು ರಸ್ತೆ ಆ ಕಡೆ ನಿಲ್ಲುತ್ತಾಳೆ. ಕೂಗಲ್ಲ, ಶಾಪ ಹಾಕಲ್ಲ. ಊಟದ ಹೊತ್ತಿಗೆ ಹೋಗ್ತಾಳೆ, ಮತ್ತೆ ಬಂದು ನಿಲ್ತಾಳೆ. ಕಿಟಕಿ ಮುಚ್ಚಿದರೂ ನನಗೆ ಅವಳು ಕಾಣಿಸುತ್ತಾಳೆ. ಅಮ್ಮ ಇದ್ದಿದ್ದರೆ "ಮೊದಲು ಮುಖ ತೊಳ್ಕೊಂಡು ಬಾ, ಉಳಿದದ್ದು ಆಮೇಲೆ ಅಳುವಂತೆ" ಅನ್ನುತ್ತಿದ್ದಳು. ಹಾಗನ್ನೋಕೆ ನನಗೆ ಈಗ ಯಾರಿದ್ದಾರೆ?

ಎರಡು ಮಾತು ಕೇಳ್ತೀನಿ. ಅಮ್ಮನ ಆ ಮಾತು ಆ ಹುಡುಗಿ ಬಾಯಲ್ಲಿ ಬಂತು ಅಂತ ನಾನು ಅಷ್ಟುದ್ದ ಬರೆದಿದ್ದೆ. ನೀನು ಅದರ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಯಾಕೆ? ಮತ್ತೆ, ಅಷ್ಟೆಲ್ಲ ಗೊತ್ತಿದ್ದವನು ಫೋನ್ ಯಾಕೆ ಮಾಡಲಿಲ್ಲ? ಕಾಗದ ಬರೋಕೆ ಒಂದು ವಾರ ಬೇಕು ಅಂತ ನಿನಗೆ ಗೊತ್ತಿಲ್ವಾ? ಒಪ್ಪಂದ ಅಂತೀಯಾ? ಇದು ಸಾವಿಗಿಂತ ಕಡಿಮೆಯಾ?

ಅಕ್ಕ


ಮಾರ್ಚ್ ೯

ಅಕ್ಕ,

ಫೋನ್ ಕೆಟ್ಟಿತ್ತು. ರಿಪೇರಿಗೆ ಕೊಟ್ಟಿದ್ದೆ.

ಅಮ್ಮನ ಮಾತಿನ ಬಗ್ಗೆ ಏನು ಬರೆಯಲಿ? ಜಗತ್ತಿನಲ್ಲಿ ಎಷ್ಟೋ ಅಮ್ಮಂದಿರಿದ್ದಾರೆ. ಯಾರೋ ಒಬ್ಬರು ಅದೇ ಮಾತು ಆಡಿರಬಹುದು.

ದೂರು ಕೊಡು ಅಂತ ಬರೆಯಬೇಕು. ಬರೆಯುತ್ತಿದ್ದೇನೆ: ದೂರು ಕೊಡು. ಬ್ಯಾಂಕಿಗೆ ಹೋಗಿ ಆ ಖಾತೆಗಳ ವಿವರ ಕೊಟ್ಟು ತಡೆಯಲು ಹೇಳು, ತಡವಾಗಿದೆ, ಆದರೂ ಹೇಳು. ನಾಚಿಕೊಳ್ಳಬೇಡ. ಟೋಪಿ ಹಾಕಿದವನು ತಲೆ ತಗ್ಗಿಸಬೇಕು, ಹಾಕಿಸಿಕೊಂಡವರಲ್ಲ.

ಸಂಬಳದಲ್ಲಿ ನನ್ನ ಊಟಕ್ಕೆ ಇಟ್ಟುಕೊಂಡು ಉಳಿದದ್ದನ್ನೆಲ್ಲ ನಿನ್ನ ಖಾತೆಗೆ ಹಾಕಿದ್ದೇನೆ. ಮೊದಲು ಕಾಜಾದವಳಿಗೆ ಕೊಡು. ಪ್ರತಿ ತಿಂಗಳು ಹಾಕುತ್ತೇನೆ. ಅವಳದ್ದು ತೀರುವವರೆಗೆ, ನಿನ್ನದು ತೀರುವವರೆಗೆ. ಅದಕ್ಕಾಗಿಯಾದರೂ ಈ ಕೆಲಸ ಇರಬೇಕು.

ಸಾಹೇಬ ಹೊಸದೊಂದು ಬರೆಯಲು ಕೊಟ್ಟಿದ್ದಾನೆ. ನೊಂದವರಿಗೆ ಸಮಾಧಾನ ಹೇಳುವ ಮಾತುಗಳಂತೆ. ಅದನ್ನು ಮುಗಿಸಿ ರಜೆ ಕೇಳುತ್ತೇನೆ.

ಪ್ರಾಸ ಬರುತ್ತಿಲ್ಲ. ಕ್ಷಮಿಸು.

ತಮ್ಮ


ಮಾರ್ಚ್ ೨೧

ತಮ್ಮಾ,

ದುಡ್ಡು ಬಂತು, ಅಷ್ಟೂ ಕಾಜಾದವಳಿಗೆ ಕೊಟ್ಟೆ. ಎಣಿಸದೆ ತಗೊಂಡಳು, ಮತ್ತೆ ಆ ಕಡೆ ಹೋಗಿ ನಿಂತಳು. ಪೊಲೀಸರಿಗೂ ದೂರು ಕೊಟ್ಟೆ. ಬರೆದುಕೊಂಡ ಪೇದೆ, "ಗುಂಡಿ ಹಾಕೋ ಮೊದಲು ಕಾಜಾ ನೋಡ್ಬೇಕು ಅಂತ ನಿಮಗೆ ಗೊತ್ತಿರಬೇಕಿತ್ತಲ್ಲಮ್ಮ" ಅಂದ. ಅವನಿಗೆ ಅದು ತಮಾಷೆ.

ಆದರೆ ಈಗ ಒಂದು ಬೆಳಕು ಕಂಡಿದೆ. ಮೊನ್ನೆ ಮರುಪಾವತಿ ಕಚೇರಿ ಅಂತ, ಕಳೆದುಕೊಂಡ ದುಡ್ಡು ವಾಪಸ್ ಕೊಡಿಸೋ ಕಡೆಯಿಂದ ಫೋನ್ ಬಂತು. ವಯಸ್ಸಾದವರ ದನಿ, ತುಂಬಾ ನಿಧಾನ. ನಮ್ಮಂಥವರಿಗೆ ಮೋಸ ಮಾಡಿದ ಗುಂಪು ಸಿಕ್ಕಿಬಿದ್ದಿದೆಯಂತೆ. ನಮ್ಮ ದುಡ್ಡು ತಡೆಹಿಡಿದು ಇಟ್ಟಿದ್ದಾರಂತೆ. ಕಟ್ಟಿದ್ದು ಏನೇನು ಅಂತ ಅವರಿಗೆ ಒಂದೂ ಬಿಡದೆ ಗೊತ್ತಿತ್ತು. ನಾನು ಅಳೋಕೆ ಶುರು ಮಾಡಿದೆ. ಅವರು, "ಮೊದಲು ಮುಖ ತೊಳ್ಕೊಂಡು ಬನ್ನಿ ತಾಯಿ, ಉಳಿದದ್ದು ಆಮೇಲೆ ಅಳುವಿರಂತೆ. ನಾನು ಇಲ್ಲೇ ಇರ್ತೀನಿ" ಅಂದರು. ಫೋನ್ ಹಾಗೇ ಇಟ್ಟು ಹೋಗಿ ಮುಖ ತೊಳೆದು ಬಂದೆ. ನಿಜವಾಗಿಯೂ ಕಾದಿದ್ದರು.

ಹೇಳು ತಮ್ಮಾ. ಒಂದು ಸಲ ಆದರೆ ಎಷ್ಟೋ ಅಮ್ಮಂದಿರು ಅನ್ನು. ಎರಡು ಸಲ? ಅಮ್ಮ ಯಾರ ಕೈಲೋ ಹೇಳಿ ಕಳಿಸ್ತಿದ್ದಾಳೆ ಅಂತ ನನಗೆ ಅನ್ನಿಸುತ್ತೆ. ನಗು ಬೇಕಾದರೆ.

ಕಡತ ಬಿಡಿಸೋಕೆ ಮುಂಗಡವಾಗಿ ಸ್ವಲ್ಪ ಕಟ್ಟಬೇಕಂತೆ. ಗೊತ್ತು, ನೀನು ಹಾರಾಡ್ತೀಯ. ಆದರೆ ಇವರು ಸಾಲ ಕೊಡೋರಲ್ಲ, ಕಳ್ಳರನ್ನು ಹಿಡಿದೋರು. ಅಮ್ಮನ ಹೊಲಿಗೆ ಯಂತ್ರ ಮಾರ್ತಿದ್ದೀನಿ. ಕೊಳ್ಳುವವನು ಒಂದನೇ ತಾರೀಖು ಬೆಳಿಗ್ಗೆ ಬರ್ತಾನೆ. ಅಮ್ಮನ ದುಡ್ಡು ಅಮ್ಮನ ಮಾತಿಗೆ. ಕಾಜಾದವಳಿಗೆ ಹೇಳಿದೆ. ಅವಳು ರಸ್ತೆ ದಾಟಿ ಬಂದಳು ಕಣೋ! ಒಳಗೆ ಬಂದು ನನ್ನ ಪಕ್ಕ ಕೂತಳು. ಓಲೆ ಬಿಚ್ಚಿ ನನ್ನ ಕೈಗಿಟ್ಟು, "ಇದೊಂದೇ ಉಳಿದಿರೋದು, ಇದನ್ನೂ ಸೇರಿಸಿ ಕಟ್ಟಿ ಅಕ್ಕಾ" ಅಂದಳು. ಅವಳು ಮತ್ತೆ ಅಕ್ಕಾ ಅಂದದ್ದಕ್ಕೇ ನಾನು ಇನ್ನೇನನ್ನು ಬೇಕಾದರೂ ಮಾರಿಯೇನು.

ನಿನ್ನ ಭಾವ ಬೇಡ ಅಂತಾರೆ. ಯಾಕೆ ಅಂದರೆ ಹೇಳೋಕೆ ಬರಲ್ಲ ಅವರಿಗೆ. ನೀನೂ ಬೇಡ ಅಂತೀಯ. ಹಾಗಾದರೆ ಒಂದು ಕಾರಣ ಕೊಡು. ಶಿಬಿರ ಗಿಬಿರ ಬೇಡ, ಭಾಷಣ ಬೇಡ, ಪ್ರಾಸ ಬೇಡ. ಇವರೂ ಕಳ್ಳರೇ ಅಂತ ನಿನಗೆ ಖಂಡಿತ ಗೊತ್ತಿದ್ದರೆ, ಹೇಗೆ ಗೊತ್ತು ಅಂತ ಒಂದೇ ಮಾತಲ್ಲಿ ಹೇಳು. ಹೇಳಿದರೆ ಯಂತ್ರ ಮಾರೋಲ್ಲ.

ಅಕ್ಕ


ಮಾರ್ಚ್ ೨೮

ಸನ್ಮಾನ್ಯ ಅಧ್ಯಕ್ಷರೇ,

ಇಲ್ಲ. ಯಾವ ಅಧ್ಯಕ್ಷನೂ ಇಲ್ಲ, ಸಭೆಯೂ ಇಲ್ಲ. ಬಾಡಿಗೆ ಕೋಣೆಯಲ್ಲಿ ನಾನೊಬ್ಬನೇ ಇದ್ದೇನೆ.

ಅಕ್ಕ, ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ಅಮ್ಮನ ಹೊಲಿಗೆ ಯಂತ್ರ ಹೋದ ಮೇಲೆ ತಲುಪುತ್ತದೆ. ಇದನ್ನು ಮುಂದಿಟ್ಟುಕೊಂಡು ನಿನಗೆ ಫೋನ್ ಮಾಡುತ್ತೇನೆ, ಬರೆದದ್ದನ್ನು ಬರೆದ ಹಾಗೆಯೇ ಓದುತ್ತೇನೆ. ನೋಡಿಕೊಂಡು ಓದದಿದ್ದರೆ ಮತ್ತೆ ಏನಾದರೂ ಚೆಂದದ ಮಾತಾಡಿ ತಪ್ಪಿಸಿಕೊಂಡೇನು. ಫೋನ್ ಕೆಟ್ಟಿರಲಿಲ್ಲ. ದಿನಾ ಸಂಜೆ ಪೆಟ್ಟಿಗೆಯಿಂದ ತೆಗೆದು ಕೊಡುತ್ತಿದ್ದರು. ನಿನ್ನ ನಂಬರು ಒತ್ತಿ ಒತ್ತಿ ಬಿಟ್ಟಿದ್ದೇನೆ. ನಿನ್ನ ದನಿ ಕೇಳಿದರೆ ಮೊದಲ ಪ್ರಶ್ನೆ ಯಾವುದೆಂದು ಗೊತ್ತಿತ್ತು. ಅದಕ್ಕೇ ಕಾಗದ ಬರೆದೆ.

ಆ ಮೂರನೇ ಮಹಡಿಯಲ್ಲಿ ನಾವು ಮಾಡುತ್ತಿರುವುದು ಏನೆಂದು ಮೊದಲ ವಾರವೇ ಗೊತ್ತಾಗಿತ್ತು. ಆ ಕಡೆ ಇರುವುದು ನೀನು ಅನ್ನುವುದು ಮಾತ್ರ ನಿನ್ನ ಫೆಬ್ರವರಿಯ ಕಾಗದ ಬರುವವರೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಬಿಡಲಿಲ್ಲ. ನಿನ್ನ ಹಣ ತುಂಬಿಕೊಡಲು ಅದೇ ಸಂಬಳ ಬೇಕಿತ್ತು.

ಭಾವನೂ ಕೇಳಲಿ, ಕಾಜಾದವಳು ಅಲ್ಲೇ ಇದ್ದರೆ ಅವಳೂ ಕೇಳಲಿ.

ಕೂತ್ಕೋ ಅನ್ನುವುದಿಲ್ಲ ಅಕ್ಕ. ನಿಂತೇ ಕೇಳು.

ಮುಖ ತೊಳೆಯುವ ಮಾತನ್ನು ನಿನ್ನ ಮಾರ್ಚ್ ಎರಡರ ಕಾಗದದಿಂದ ಎತ್ತಿಕೊಂಡೆ. ಕೂತುಕೊಳ್ಳುವ ಮಾತು ಅಮ್ಮನದು. ಆ ಹುಡುಗಿ ಓದಿದ್ದು, ಆ ಗಂಡಸು ಓದಿದ್ದು, ಮರುಪಾವತಿಯವನು ಈಗ ಓದುತ್ತಿರುವುದು, ಎಲ್ಲವನ್ನೂ ಬರೆದವನು ನಾನು.